ಮೂರು ವರ್ಷದ ಮೊಮ್ಮಗ, ಮೈನಸ್ 30ರ ಚಳಿ: ಬದಿಯಡ್ಕದ ಅಜ್ಜಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಮಗಳು ನರ್ಸ್. ಅವಳಿಗೆ ಕೆನಡಾದ ವಿನ್ನಿಪೆಗ್‌ನಲ್ಲಿ ಕೆಲಸ ಸಿಕ್ಕಿದೆ. ಡಿಸೆಂಬರ್ ಕೊನೆಗೆ ಗಂಡ ಮತ್ತು ಮೂರು ವರ್ಷದ ಮಗನ ಜೊತೆ ಹೊರಡುತ್ತಾಳೆ. ಮಗುವಿಗೆ ಆಗಾಗ ಉಬ್ಬಸ ಬರುತ್ತದೆ, ಇನ್‌ಹೇಲರ್ ಕೊಡುತ್ತೇವೆ. ನಾನೂ ಜೊತೆಗೆ ಬಂದು ಆರು ತಿಂಗಳು ಇರಬೇಕು ಅಂತ ಅವಳ ಆಸೆ. ನನಗೆ 61 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಮಂಡಿ ನೋವೂ ಉಂಟು. ಅಲ್ಲಿ ಮೈನಸ್ 30 ಡಿಗ್ರಿ ಅಂತೆ. ಅಷ್ಟು ಚಳಿಯ ಗಾಳಿ ಎಳೆದುಕೊಂಡರೆ ಮಗುವಿನ ಶ್ವಾಸಕೋಶ ಹೆಪ್ಪುಗಟ್ಟುತ್ತದೆ ಅಂತ ಒಬ್ಬರು ಹೇಳಿದರು. ಮುಖಕ್ಕೆ ತೆಂಗಿನೆಣ್ಣೆ ದಪ್ಪ ಹಚ್ಚಿದರೆ ಚಳಿ ತಾಗುವುದಿಲ್ಲ ಅಂತ ಇನ್ನೊಬ್ಬರು. ಮಗುವಿಗೂ ಒಂದು ಚಮಚ ಬ್ರಾಂದಿ ಕೊಡಬಹುದು ಅಂದವರೂ ಇದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಮಗುವನ್ನು ಕಳಿಸಬಹುದಾ? ನಾನು ಹೋಗಬಹುದಾ? ಇಲ್ಲಿಂದ ಏನು ಕೊಂಡುಹೋಗಬೇಕು?

ಉತ್ತರ: ಮೊದಲು ಬ್ರಾಂದಿಯ ವಿಷಯ ಮುಗಿಸಿಬಿಡುತ್ತೇನೆ. ಮಗುವಿಗೆ ಒಂದು ಹನಿಯೂ ಬೇಡ. ದೊಡ್ಡವರಿಗೂ ಚಳಿಗೆ ಮದ್ದು ಅಂತ ಬೇಡ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ, ಮೈ ಬೆಚ್ಚಗಾಯಿತು ಅನಿಸುತ್ತದೆ. ನಿಜಕ್ಕೂ ಆಗುವುದೇನೆಂದರೆ, ದೇಹದೊಳಗಿನ ಶಾಖ ಹೊರಗೆ ಸೋರಿಹೋಗುತ್ತದೆ. ಬಾಗಿಲು ತೆರೆದಿಟ್ಟು ಬಚ್ಚಲ ಒಲೆಗೆ ಬೆಂಕಿ ಹಾಕಿದ ಹಾಗೆ.

ನಾನು ವೈದ್ಯ. ಕೆಲವು ವರ್ಷ ಕೆನಡಾದ ಪ್ರೇರೀ ಬಯಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು. ಕಾಸರಗೋಡಿನ ಮಂದಿಗೆ ಚಳಿ ಅಂದರೆ ಏನು ಅಂತ ನನಗೆ ಗೊತ್ತು. ಧನು ಪೂಜೆಗೆ ನಸುಕಿನಲ್ಲಿ ದೇವಸ್ಥಾನಕ್ಕೆ ನಡೆಯುವಾಗ ಶಾಲು ಹೊದೆಯುತ್ತೇವೆ. ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾದರೆ ಈ ವರ್ಷ ಚಳಿ ಜಾಸ್ತಿ ಅನ್ನುತ್ತೇವೆ. ತೆಂಗಿನೆಣ್ಣೆ ಗಟ್ಟಿಯಾಗಲು 24 ಡಿಗ್ರಿಗಿಂತ ಸ್ವಲ್ಪ ಕೆಳಗೆ ಇಳಿದರೆ ಸಾಕು. ವಿನ್ನಿಪೆಗ್‌ನಲ್ಲಿ ಜನವರಿಯ ಸರಾಸರಿಯೇ ಸುಮಾರು ಮೈನಸ್ 16. ಮೈನಸ್ 30 ಪ್ರತಿ ವರ್ಷ ಬರುತ್ತದೆ. ನಿಮ್ಮ ಹೆದರಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ನೀವು ಹೆದರುತ್ತಿರುವ ಜಾಗದಲ್ಲಿ ಅಪಾಯ ಇಲ್ಲ. ಅಪಾಯ ಬೇರೆ ಕಡೆ ಉಂಟು.

ಶ್ವಾಸಕೋಶ ಹೆಪ್ಪುಗಟ್ಟುವುದಿಲ್ಲ. ಮೂಗು ಮತ್ತು ಗಂಟಲು ಬರುವ ಗಾಳಿಯನ್ನು ದಾರಿಯಲ್ಲೇ ಬಿಸಿ ಮಾಡುತ್ತವೆ, ಒದ್ದೆ ಮಾಡುತ್ತವೆ. ಮೈನಸ್ 30ರ ಗಾಳಿಯೂ ಶ್ವಾಸಕೋಶದ ಆಳಕ್ಕೆ ತಲುಪುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಫಿನ್ಲೆಂಡ್, ನಾರ್ವೆಯಂಥ ದೇಶಗಳಲ್ಲಿ ಮಕ್ಕಳನ್ನು ಚೆನ್ನಾಗಿ ಸುತ್ತಿ ಹಗಲು ಹೊತ್ತು ಹೊರಗೆ ಮಕ್ಕಳ ತಳ್ಳುಗಾಡಿಯಲ್ಲೇ ಮಲಗಿಸುವ ರೂಢಿ ಉಂಟು.

ಹಾಗಂತ ಉಬ್ಬಸದ ಮಗುವಿಗೆ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ತಣ್ಣನೆಯ ಒಣ ಗಾಳಿ ಉಸಿರಿನ ಕೊಳವೆಗಳನ್ನು ಕೆರಳಿಸುತ್ತದೆ, ಅವು ಬಿಗಿಯುತ್ತವೆ. ಹೊರಗೆ ಓಡಿ ಆಡಿದರೆ, ಬಾಯಿಯಲ್ಲಿ ಉಸಿರಾಡಿದರೆ ಇನ್ನೂ ಜಾಸ್ತಿ. ಅದಕ್ಕೆ ಮೂಗು ಬಾಯಿ ಮುಚ್ಚುವ ಮೆತ್ತನೆಯ ಕೊಳವೆಯಂಥ ಪಟ್ಟಿ ಸಿಗುತ್ತದೆ, ಕುತ್ತಿಗೆಯಿಂದ ಮೇಲಕ್ಕೆ ಎಳೆದುಕೊಳ್ಳುವಂಥದ್ದು. ಉದ್ದ ಸ್ಕಾರ್ಫ್ ಸಣ್ಣ ಮಕ್ಕಳಿಗೆ ಬೇಡ, ಆಡುವಾಗ ಕುತ್ತಿಗೆಗೆ ಬಿಗಿಯಬಹುದು. ಇನ್‌ಹೇಲರ್ ಚೀಲದ ಹೊರ ಜೇಬಿನಲ್ಲಿ ಇಡಬೇಡಿ. ಡಬ್ಬಿ ತಣ್ಣಗಾದರೆ ಒತ್ತಿದಾಗ ಮದ್ದು ಸರಿಯಾಗಿ ಬರುವುದಿಲ್ಲ. ಅದು ದೊಡ್ಡವರ ಕೋಟಿನ ಒಳ ಜೇಬಿನಲ್ಲಿ, ಮೈಯ ಬಿಸಿಗೆ ತಾಗಿಕೊಂಡಿರಬೇಕು.

ಈ ವಯಸ್ಸಿನ ಮಕ್ಕಳಿಗೆ ಉಬ್ಬಸ ಎಬ್ಬಿಸುವ ದೊಡ್ಡ ಕಾರಣ ಶೀತದ ವೈರಸ್. ಚಳಿಗಾಲದಲ್ಲಿ ಎಲ್ಲರೂ ಕಿಟಕಿ ಮುಚ್ಚಿದ ಕೋಣೆಗಳಲ್ಲಿ ಇರುತ್ತಾರೆ, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಡೇ ಕೇರ್‌ಗೆ ಸೇರಿದ ಮೊದಲ ವರ್ಷ ಮಗುವಿಗೆ ಎಂಟು ಹತ್ತು ಸಲ ಶೀತ ಆಗುವುದು ಸಾಮಾನ್ಯ. ಆಗ ಎಲ್ಲರೂ ಚಳಿಯನ್ನೇ ಬೈಯುತ್ತಾರೆ. ಹೊರಡುವ ಮುಂಚೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಉಬ್ಬಸ ಬರದಂತೆ ತಡೆಯಲು ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ಚಳಿಗಾಲ ಪೂರ್ತಿ ಬೇಕಾ ಅಂತ ಕೇಳಿ. ಮೂರು ತಿಂಗಳ ಮದ್ದು, ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆ), ಕಂಪೆನಿಯ ಹೆಸರಲ್ಲದೆ ಮದ್ದಿನ ಮೂಲ ಹೆಸರು ಬರೆದ ಚೀಟಿ, ಲಸಿಕೆಯ ಪುಸ್ತಕ ಕೈಚೀಲದಲ್ಲೇ ಇರಲಿ. ಹೊಸ ಊರಿನಲ್ಲಿ ಕಾಯಂ ವೈದ್ಯರು ಸಿಗಲು ತಿಂಗಳುಗಟ್ಟಲೆ ಆಗಬಹುದು. ಅಲ್ಲಿ ಆರು ತಿಂಗಳು ದಾಟಿದ ಎಲ್ಲರಿಗೂ ಫ್ಲೂ ಲಸಿಕೆ ಕೊಡುತ್ತಾರೆ. ತಲುಪಿದ ಮೊದಲ ವಾರಗಳಲ್ಲೇ ಮನೆಯವರೆಲ್ಲ ಹಾಕಿಸಿಕೊಳ್ಳಲಿ.

ಈಗ ತೆಂಗಿನೆಣ್ಣೆ. ಇದನ್ನು ಹೇಳುವಾಗ ನನಗೂ ಸ್ವಲ್ಪ ಬೇಜಾರು, ನಮ್ಮ ಅಜ್ಜಿಯೂ ಎಣ್ಣೆ ಹಚ್ಚಿಯೇ ನಮ್ಮನ್ನು ಬೆಳೆಸಿದ್ದು. ಮನೆಯೊಳಗೆ, ಸ್ನಾನ ಆದ ಕೂಡಲೇ ಒದ್ದೆ ಮೈಗೆ ಹಚ್ಚಿದರೆ ಒಳ್ಳೆಯದೇ. ಚರ್ಮದ ನೀರು ಆರದಂತೆ ತಡೆಯುತ್ತದೆ. ಆದರೆ ಹೊರಗಿನ ಚಳಿಗೆ ಅದು ರಕ್ಷೆ ಅಲ್ಲ. ಫಿನ್ಲೆಂಡಿನಲ್ಲಿ ಸೈನಿಕರ ನಡುವೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮುಖಕ್ಕೆ ಜಿಡ್ಡಿನ ಮುಲಾಮು ಹಚ್ಚಿದವರಿಗೆ ರಕ್ಷಣೆ ಸಿಗಲಿಲ್ಲ, ಚರ್ಮ ಹೆಪ್ಪುಗಟ್ಟುವ ಅಪಾಯ ಹೆಚ್ಚೇ ಕಂಡಿತು. ಒಂದು ಕಾರಣ, ಎಣ್ಣೆ ಹಚ್ಚಿದಾಗ ಬೆಚ್ಚಗಿದ್ದ ಹಾಗೆ ಅನಿಸುತ್ತದೆ, ಜನ ಮೈಮರೆಯುತ್ತಾರೆ. ಕೆನ್ನೆ ಕಾಪಾಡುವುದು ಬಟ್ಟೆ ಮಾತ್ರ.

ಹೊರಗಿನ ಚಳಿಯಲ್ಲಿ ನೋಡಬೇಕಾದ ಅಂಕಿ ಉಷ್ಣಾಂಶ ಒಂದೇ ಅಲ್ಲ. ಅಲ್ಲಿ ದಿನಾ ವಿಂಡ್ ಚಿಲ್ ಅಂತ ಹೇಳುತ್ತಾರೆ. ಬಿಸಿ ಗಂಜಿಯನ್ನು ಫ್ಯಾನಿನ ಕೆಳಗೆ ಇಟ್ಟರೆ ಬೇಗ ಆರುತ್ತದೆ ಅಲ್ವಾ? ನಮ್ಮ ಮೈಯ ಸುತ್ತ ತೆಳ್ಳಗೆ ಒಂದು ಬಿಸಿ ಗಾಳಿಯ ಪದರ ಇರುತ್ತದೆ. ಬೀಸುವ ಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 33ರ ಹಾಗೆ. ವಿಂಡ್ ಚಿಲ್ ಮೈನಸ್ 28ರಿಂದ ಮೈನಸ್ 39ರ ನಡುವೆ ಇದ್ದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಅಲ್ಲಿನ ಶಾಲೆಗಳು ಮೈನಸ್ 27ರ ಆಸುಪಾಸಿನಲ್ಲೇ ಮಕ್ಕಳನ್ನು ಬಿಡುವಿನ ಹೊತ್ತಿಗೆ ಒಳಗೇ ಇಟ್ಟುಕೊಳ್ಳುತ್ತವೆ. ನಿಮ್ಮ ಮನೆಯಲ್ಲೂ ಅದೇ ಗೆರೆ ಇರಲಿ. ಉಳಿದ ದಿನ ಮಗುವನ್ನು ಹೊರಗೆ ಕಳಿಸಿ. ನಾಲ್ಕೈದು ತಿಂಗಳು ಒಳಗೇ ಕೂಡಿಹಾಕಲು ಆಗುವುದಿಲ್ಲ, ಕೂಡಿಹಾಕಬಾರದು. ಆಟಿಯ ಮಳೆಯಲ್ಲೂ ನಾವು ಮನೆಯೊಳಗೆ ಕೂರಲಿಲ್ಲ. ತಲೆಗೆ ಗೊರಬೆ ಇಟ್ಟು ಗದ್ದೆಗೆ ಇಳಿದವರು ನಮ್ಮ ಹಿರಿಯರು.

ನನ್ನದೇ ಒಂದು ಅನುಭವ. ಮೊದಲ ಚಳಿಗಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಟೊಪ್ಪಿ ಕಿವಿಯ ಮೇಲಕ್ಕೆ ಸರಿದಿತ್ತು. ಕಿವಿ ಮೊದಲು ಚುಚ್ಚಿದ ಹಾಗೆ ನೋಯುತ್ತಿತ್ತು. ಆಮೇಲೆ ನೋವು ನಿಂತಿತು. ಪರವಾಗಿಲ್ಲ, ಅಭ್ಯಾಸ ಆಯಿತು ಅಂದುಕೊಂಡೆ. ನೋವು ನಿಂತದ್ದೇ ಅಪಾಯದ ಗುರುತು. ಒಳಗೆ ಬಂದ ಮೇಲೆ ಕಿವಿ ಉರಿದು ಊದಿಕೊಂಡಿತು, ವಾರದ ನಂತರ ಸಿಪ್ಪೆ ಎದ್ದಿತು. ಬಿಳಿ ಮೈಬಣ್ಣದವರಲ್ಲಿ ಮೊದಲು ಕೆಂಪು, ಆಮೇಲೆ ಬಿಳಿಚಿಕೊಂಡದ್ದು ಕಾಣುತ್ತದೆ. ನಮ್ಮ ಬಣ್ಣದಲ್ಲಿ ಕೆಂಪು ಅಷ್ಟು ಕಾಣುವುದಿಲ್ಲ. ಬೂದಿ ಬಳಿದ ಹಾಗೆ, ಮೇಣದ ಹಾಗೆ ಕಂಡರೆ ಅಥವಾ ಮುಟ್ಟಿದ್ದು ಗೊತ್ತಾಗದಿದ್ದರೆ ಕೂಡಲೇ ಒಳಗೆ ಹೋಗಬೇಕು. ಉಜ್ಜಬಾರದು. ಬೆಂಕಿಯ ಹತ್ತಿರ, ಹೀಟರಿನ ಮೇಲೆ ಹಿಡಿಯಬಾರದು. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಕೆನ್ನೆ, ಕಿವಿ ಆದರೆ ಬೆಚ್ಚಗಿನ ಅಂಗೈ ಸುಮ್ನೆ ಒತ್ತಿಹಿಡಿಯಿರಿ. ಬೆರಳು ಆದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಇಡಬೇಕು, ಅಂದರೆ ಮಗುವಿನ ಸ್ನಾನಕ್ಕೆ ಹದ ಮಾಡುವ ನೀರು. ಗುಳ್ಳೆ ಎದ್ದರೆ, ಅರ್ಧ ಗಂಟೆಯಾದರೂ ಸ್ಪರ್ಶ ಬರದಿದ್ದರೆ ಆಸ್ಪತ್ರೆ. ತುಂಬಾ ಹೊತ್ತು ಚಳಿಯಲ್ಲಿದ್ದವರು ಮಾತು ತೊದಲಿದರೆ, ಎಡವಿದರೆ, ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ದೇಹದ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋದಾಗ ಹೀಗಾಗುತ್ತದೆ.

ಬಟ್ಟೆಗೆ ಇಲ್ಲಿ ದುಡ್ಡು ಸುರಿಯಬೇಡಿ. ಮಂಗಳೂರಿನಲ್ಲಿ ಸಿಗುವ ದಪ್ಪ ಸ್ವೆಟರ್ ಅಲ್ಲಿ ಒಳಪದರಕ್ಕೆ ಸಾಕಾದೀತು ಅಷ್ಟೆ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವಷ್ಟಕ್ಕೆ ಒಂದೊಂದು ಜಾಕೆಟ್ಟು, ಟೊಪ್ಪಿ, ಕೈಗವಸು ಸಾಕು. ಕೋಟು, ಬೂಟು ಅಲ್ಲೇ ಕೊಳ್ಳಲಿ. ಬಳಸಿದ ಬಟ್ಟೆ ಮಾರುವ ಅಂಗಡಿಗಳಲ್ಲಿ ಮಕ್ಕಳ ಹಿಮದ ಉಡುಪು ಚೆನ್ನಾಗಿರುವುದೇ ಸಿಗುತ್ತದೆ. ಮಕ್ಕಳು ಒಂದೇ ವರ್ಷಕ್ಕೆ ಅದನ್ನು ಮೀರಿ ಬೆಳೆಯುತ್ತಾರಲ್ಲ. ಮೈಗೆ ತಾಗುವ ಪದರ ಹತ್ತಿಯದ್ದು ಬೇಡ. ನಮ್ಮ ಸೆಖೆಗೆ ಹತ್ತಿಯೇ ದೇವರು, ಆದರೆ ಅದು ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಒದ್ದೆ ಬಟ್ಟೆ ಮೈಯ ಬಿಸಿ ಎಳೆದುಬಿಡುತ್ತದೆ. ಒಳಗೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಗಾಳಿ ಹಿಡಿದಿಡುವ ಮೆತ್ತನೆಯದ್ದು, ಹೊರಗೆ ಗಾಳಿ ತಡೆಯುವುದು. ಬೆರಳು ಬೆರಳಿಗೆ ಬೇರೆ ಬೇರೆ ಇರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟ್ಟನ್ ಬೆಚ್ಚಗೆ. ಬೂಟು ಸ್ವಲ್ಪ ಸಡಿಲವೇ ಇರಲಿ. ಎರಡು ಕಾಲುಚೀಲ ತುರುಕಿ ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ.

ಮಗಳು ಅಳಿಯನಿಗೆ ಇದೊಂದನ್ನು ಒತ್ತಿ ಹೇಳಿ. ಕಾರಿನ ಮಕ್ಕಳ ಸೀಟಿನಲ್ಲಿ ದಪ್ಪ ಕೋಟು ಹಾಕಿದ ಮಗುವನ್ನು ಕೂರಿಸಿ ಬೆಲ್ಟ್ ಬಿಗಿಯಬಾರದು. ಅಪಘಾತ ಆದರೆ ಕೋಟು ಅಪ್ಪಚ್ಚಿಯಾಗುತ್ತದೆ, ಬೆಲ್ಟ್ ಸಡಿಲ ಆಗಿ ಮಗು ಜಾರಿಹೋಗುತ್ತದೆ. ತೆಳು ಪದರದಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಮೇಲಿಂದ ಕಂಬಳಿ ಹೊದೆಸಬೇಕು.

ಇನ್ನು ಮನೆಯೊಳಗಿನ ವಿಷಯ. ಚಳಿ ದೇಶಕ್ಕೆ ಹೋಗುವವರು ಯಾರೂ ಇದನ್ನು ಕೇಳುವುದಿಲ್ಲ. ನನ್ನ ಹತ್ತಿರ ಬರುತ್ತಿದ್ದ ನಮ್ಮ ಕಡೆಯವರ ತೊಂದರೆ ಮಾತ್ರ ಹೆಚ್ಚಾಗಿ ಒಳಗಿನದ್ದೇ.

ಮನೆ ಬೆಚ್ಚಗೇ ಇರುತ್ತದೆ, 20, 21 ಡಿಗ್ರಿ. ಆದರೆ ಒಣ. ಮೈನಸ್ 20ರ ಗಾಳಿಯಲ್ಲಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಒಂದು ಗ್ರಾಂನಷ್ಟು ನೀರಿನ ಆವಿ ಇರಬಹುದು. ಅದೇ ಗಾಳಿ ಒಳಗೆ ಬಂದು 21 ಡಿಗ್ರಿಗೆ ಬಿಸಿಯಾದರೆ 18 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಆ ಕೊರತೆಯನ್ನು ಅದು ನಿಮ್ಮ ಮೂಗಿನಿಂದ, ತುಟಿಯಿಂದ, ಚರ್ಮದಿಂದ ತುಂಬಿಕೊಳ್ಳುತ್ತದೆ. ಜೂನಿನಲ್ಲಿ ಹಪ್ಪಳ ಒಣಗದ ಊರಿನಿಂದ ಹೋದವರಿಗೆ ಇದು ಅಂದಾಜೇ ಆಗುವುದಿಲ್ಲ. ಮೂಗಿನಲ್ಲಿ ರಕ್ತ, ಹಿಮ್ಮಡಿ ಬಿರುಕು, ರಾತ್ರಿ ಪೂರ್ತಿ ತುರಿಕೆ, ಒಣ ಕೆಮ್ಮು. ಕೋಣೆಯಲ್ಲಿ ಗಾಳಿಗೆ ತೇವ ಸೇರಿಸುವ ಯಂತ್ರ, ಹ್ಯೂಮಿಡಿಫೈಯರ್, ಇಟ್ಟು ತೇವಾಂಶ 30 ಶೇಕಡದ ಆಸುಪಾಸಿನಲ್ಲಿ ಇಟ್ಟರೆ ಒಳ್ಳೆಯದು. ಒಗೆದ ಬಟ್ಟೆ ಒಳಗೇ ಹರಗಿದರೂ ಉಪಕಾರ. ಜಾಸ್ತಿ ಮಾಡಿದರೆ ಕಿಟಕಿಯ ಗಾಜಿನಲ್ಲಿ ನೀರಿಳಿದು ಬೂಷ್ಟು ಬರುತ್ತದೆ. ಉಬ್ಬಸದ ಮಗುವಿಗೆ ಬೂಷ್ಟು ಚಳಿಗಿಂತ ಕೆಟ್ಟದ್ದು. ಹ್ಯೂಮಿಡಿಫೈಯರಿನ ನೀರು ದಿನಾ ಬದಲಿಸಬೇಕು, ಪಾತ್ರೆ ತೊಳೆಯಬೇಕು.

ಸ್ನಾನ ದಿನಾ ಮಾಡಿಸಬಹುದು. ಆದರೆ ನಮ್ಮ ಹಂಡೆಯ ಕುದಿಯುವಂಥ ನೀರು ಬೇಡ. ಉಗುರುಬೆಚ್ಚಗೆ, ಐದು ಹತ್ತು ನಿಮಿಷ. ಸೋಪು ಬೇಕಾದ ಜಾಗಕ್ಕೆ ಮಾತ್ರ. ಮೈ ಒರೆಸಿದ ಮೂರು ನಿಮಿಷದೊಳಗೆ ಎಣ್ಣೆಯೋ ಮುಲಾಮೋ ಹಚ್ಚಿ. ಸ್ನಾನ ಆದ ಮೇಲೆ ಮಗುವಿಗೆ ಧೂಪ ಹಿಡಿಯುವ ಪದ್ಧತಿ ನಿಮ್ಮ ಮನೆಯಲ್ಲಿ ಇದ್ದರೆ ಅಲ್ಲಿ ದಯವಿಟ್ಟು ಬೇಡ. ಗಾಳಿ ಆಡದ ಮನೆ, ಉಬ್ಬಸದ ಮಗು. ಆ ಹೊಗೆ ಹೊರಗೆ ಹೋಗಲು ದಾರಿ ಇಲ್ಲ.

ಹೊಗೆಯ ಮಾತು ಬಂದದ್ದಕ್ಕೆ ಇನ್ನೊಂದು. ವಿದ್ಯುತ್ ಹೋಯಿತು, ಹೀಟರ್ ಕೆಟ್ಟಿತು ಅಂತ ಅಗ್ಗಿಷ್ಟಿಕೆಯನ್ನೋ, ಬಾರ್ಬೆಕ್ಯೂ ಒಲೆಯನ್ನೋ ಒಳಗೆ ತಂದು ಮಲಗಬಾರದು. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೊಡೈಕನಾಲಿನಲ್ಲಿ ಕೆಂಡವನ್ನು ಕೋಣೆಯೊಳಗಿಟ್ಟು ಮಲಗಿದವರು ಏಳಲೇ ಇಲ್ಲ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ಜ್ವರ ಮಾತ್ರ ಇಲ್ಲ, ಹೊರಗೆ ಹೋದರೆ ಕಡಿಮೆ ಆಗುತ್ತದೆ ಅಂದರೆ ಇದನ್ನೇ ಸಂಶಯಪಡಬೇಕು. ಮಲಗುವ ಕೋಣೆಗಳ ಹತ್ತಿರ ಇದರ ಅಲಾರಂ ಇದೆಯಾ ಅಂತ ಬಾಡಿಗೆ ಮನೆ ನೋಡುವಾಗಲೇ ಕೇಳಲಿ. ಕಾರು ಚಾಲೂ ಮಾಡುವ ಮುಂಚೆ ಹಿಂದಿನ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಬೇಕು. ಅದು ಮುಚ್ಚಿದ್ದರೆ ಹೊಗೆ ಕಾರಿನೊಳಗೇ ಬರುತ್ತದೆ.

ಈಗ ನಿಮ್ಮ ವಿಷಯ. ನೀವು ಮಗುವಿನ ಬಗ್ಗೆಯೇ ಬರೆದಿದ್ದೀರಿ. ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮದು.

ಆ ಆಸ್ಪತ್ರೆಯಲ್ಲಿ ಚಳಿಗಾಲದಲ್ಲಿ ನಾನು ನೋಡಿದ ವಯಸ್ಸಾದ ಹೆಂಗಸರಲ್ಲಿ ಚರ್ಮ ಹೆಪ್ಪುಗಟ್ಟಿ ಬಂದವರು ಕಡಿಮೆ. ಜಾರಿ ಬಿದ್ದು ಮಣಿಕಟ್ಟು, ಸೊಂಟ ಮುರಿದುಕೊಂಡು ಬಂದವರೇ ಜಾಸ್ತಿ. ಹಗಲು ಸ್ವಲ್ಪ ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ ಗಾಜಿನ ಹಾಗೆ ಆಗುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದರೆ ಕಾಣುವುದೇ ಇಲ್ಲ. ಪಾಚಿ ಹಿಡಿದ ಅಂಗಳದಲ್ಲಿ ಮಳೆಗಾಲ ಹೇಗೆ ನಡೆಯುತ್ತೀರಿ? ಹಾಗೆಯೇ. ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಕೈ ಜೇಬಿನಿಂದ ಹೊರಗೆ. ಬೂಟಿನ ಅಡಿಗೆ ಸಿಕ್ಕಿಸುವ ಸಣ್ಣ ಮುಳ್ಳುಗಳ ಪಟ್ಟಿ ಸಿಗುತ್ತದೆ, ಒಳ್ಳೆಯದು, ಆದರೆ ಒಳಗಿನ ನೆಲದಲ್ಲಿ ಅದೇ ಜಾರಿಸುತ್ತದೆ, ಬಾಗಿಲಲ್ಲೇ ಬಿಚ್ಚಬೇಕು. ಸೀರೆ ಮನೆಯೊಳಗೆ ಉಡಿ. ಹೊರಗೆ ಪ್ಯಾಂಟೇ ಸರಿ. ಸೀರೆಯ ಅಂಚು ಹಿಮದಲ್ಲಿ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಚಳಿಗೆ ರಕ್ತನಾಳ ಬಿಗಿಯುವುದರಿಂದ ಬಿಪಿ ಏರುತ್ತದೆ. ಮಾತ್ರೆ ಒಂದು ದಿನವೂ ತಪ್ಪಬಾರದು, ಬಿಪಿ ಯಂತ್ರ ಜೊತೆಗಿರಲಿ. ಮತ್ತೆ, ಹಿಮ ಎತ್ತುವ ಸಲಿಕೆ ನೀವು ಮುಟ್ಟಲೇಬಾರದು. ಮಗಳಿಗೆ ಕಷ್ಟ ಆಗುತ್ತದೆ ಅಂತ ಅಂಗಳ ಗುಡಿಸಿದ ಹಾಗೆ ಹೊರಡುವವರು ನಮ್ಮ ತಾಯಂದಿರು. ಹಿಮ ತೋಡುವಾಗ ಹೃದಯಾಘಾತ ಆಗುವುದು ಅಲ್ಲಿ ಪ್ರತಿ ಚಳಿಗಾಲದ ಕತೆ.

ಇನ್ನೊಂದು ಹೊರೆ ಕಣ್ಣಿಗೆ ಕಾಣುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ವಿನ್ನಿಪೆಗ್‌ನಲ್ಲಿ ಸೂರ್ಯ ಏಳುವುದು ಬೆಳಗ್ಗೆ ಸುಮಾರು ಎಂಟೂವರೆಗೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ಮಗಳು ಅಳಿಯ ಕೆಲಸಕ್ಕೆ ಹೋದರೆ ಆ ಎಂಟು ಗಂಟೆಯ ಬೆಳಕಿನಲ್ಲಿ ನೀವು, ಮಗು, ಮುಚ್ಚಿದ ಕಿಟಕಿ. ನೆರೆಯವರ ಮಾತು ಕೇಳುವುದಿಲ್ಲ, ದಾರಿಯಲ್ಲಿ ಜನ ಇಲ್ಲ. ಗಟ್ಟಿಗಿತ್ತಿಯರೂ ಅಲ್ಲಿ ಕುಸಿದದ್ದನ್ನು ನೋಡಿದ್ದೇನೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ. ಬೆಳಕು ಕಡಿಮೆಯಾದರೆ ಮಿದುಳಿನ ಗಡಿಯಾರವೇ ತಪ್ಪುತ್ತದೆ. ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸಿನ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಎದುರು ಕುಳಿತರೆ ತುಂಬಾ ಜನರಿಗೆ ಗುಣ ಕಾಣುತ್ತದೆ. ಅಲ್ಲಿನ ಬಿಸಿಲಿನಲ್ಲಿ ಚಳಿಗಾಲ ಪೂರ್ತಿ ಚರ್ಮ ವಿಟಮಿನ್ ಡಿ ಮಾಡಿಕೊಳ್ಳುವುದೂ ಇಲ್ಲ, ನಮ್ಮ ಬಣ್ಣದವರಿಗೆ ಇನ್ನೂ ಕಷ್ಟ. ಎಲ್ಲರೂ ವೈದ್ಯರನ್ನು ಕೇಳಿ ಹನಿಯೋ ಮಾತ್ರೆಯೋ ತೆಗೆದುಕೊಳ್ಳಬೇಕು.

ಹಾಗಾದರೆ ಏನು ಮಾಡುವುದು? ಮಗುವನ್ನು ನಿಮ್ಮ ಹತ್ತಿರ ಬಿಟ್ಟು ಅವರಿಬ್ಬರು ಮೊದಲು ಹೋಗುವ ದಾರಿ ಒಂದು ಉಂಟು. ಚಳಿ ತಪ್ಪುತ್ತದೆ, ಆದರೆ ಮೂರು ವರ್ಷದ ಮಗು ನಾಲ್ಕೈದು ತಿಂಗಳು ತಾಯಿಯಿಂದ ದೂರ ಇರುತ್ತದೆ. ಉಬ್ಬಸ ಹತೋಟಿಯಲ್ಲಿದ್ದರೆ ಅಷ್ಟು ದೊಡ್ಡ ಬೆಲೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಕಳೆದ ಮೂರು ತಿಂಗಳಲ್ಲಿ ಮಗು ಆಸ್ಪತ್ರೆಗೆ ಸೇರುವಷ್ಟು ಉಬ್ಬಸ ಬಂದಿದ್ದರೆ ಮಾತ್ರ ಪ್ರಯಾಣವನ್ನು ಕೆಲವು ವಾರ ಮುಂದೆ ಹಾಕಿ. ನೀವೂ ಈಗಲೇ ಹೋಗುವುದು ಇನ್ನೊಂದು ದಾರಿ. ಮಗಳಿಗೆ ಆಸರೆ ಸಿಗುತ್ತದೆ, ಡೇ ಕೇರ್ ತಡವಾಗಿ ಸೇರಿಸಿದರೆ ಮಗುವಿಗೆ ಶೀತವೂ ಕಡಿಮೆ. ಆದರೆ ಮಂಡಿ ನೋವು, ಬಿಪಿ, ಮಂಜುಗಡ್ಡೆಯ ದಾರಿ, ಕತ್ತಲೆ ಎಲ್ಲವೂ ಮೊದಲ ದಿನವೇ ನಿಮ್ಮ ಮೇಲೆ ಬೀಳುತ್ತವೆ.

ನಾನು ನಿಮ್ಮ ಮನೆಯವನಾಗಿದ್ದರೆ ಮಗುವನ್ನು ತಾಯಿಯ ಜೊತೆ ಡಿಸೆಂಬರಿನಲ್ಲೇ ಕಳಿಸುತ್ತಿದ್ದೆ, ನಿಮ್ಮ ಟಿಕೆಟ್ಟು ಮೇ ತಿಂಗಳಿಗೆ ಮಾಡಿಸುತ್ತಿದ್ದೆ. ಆಗ ಹಿಮ ಕರಗಿರುತ್ತದೆ. ಸೊಳ್ಳೆ ವಿಪರೀತ, ಅದು ನಮಗೆ ಹೊಸದಲ್ಲ. ನೆರೆಯವರು ಹೊರಗೆ ಕಾಣಸಿಗುತ್ತಾರೆ, ದಾರಿ ಪರಿಚಯ ಆಗುತ್ತದೆ. ಅಕ್ಟೋಬರಿನ ಚಳಿ ನಿಧಾನಕ್ಕೆ ಬರುವುದನ್ನು ನೋಡಿ ವಾಪಸು ಬನ್ನಿ. ಇರಬಹುದು ಅನಿಸಿದರೆ ಮುಂದಿನ ವರ್ಷ ಚಳಿಗಾಲಕ್ಕೂ ಹೋಗಬಹುದು. ಯಾವಾಗ ಹೋದರೂ ವೈದ್ಯಕೀಯ ವಿಮೆ ಇಲ್ಲದೆ ಹೋಗಬೇಡಿ. ಬಿಪಿ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಬೇಕಾದಾಗ ವಿಮೆ ಕೈಕೊಡುತ್ತದೆ. ಅಲ್ಲಿ ಸೊಂಟದ ಮೂಳೆ ಮುರಿದರೆ ಬರುವ ಬಿಲ್ಲಿಗೆ ಇಲ್ಲಿ ತೋಟ ಮಾರಬೇಕಾದೀತು.

ಮೇ ತನಕ ಫೋನ್ ಉಂಟಲ್ಲ. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಎಂಟು ಗಂಟೆ ಆದಾಗ ಅಲ್ಲಿ ಬೆಳಗ್ಗೆ ಎಂಟೂವರೆ. ನಿಮ್ಮ ಊಟದ ಹೊತ್ತಿಗೆ ಮಗು ತಿಂಡಿ ತಿನ್ನುತ್ತಿರುತ್ತದೆ.

ಕೊಂಡುಹೋಗುವುದರ ಬಗ್ಗೆ ಕೇಳಿದ್ದೀರಿ. ಕೊತ್ತಂಬರಿ, ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ ಮಗಳ ಪೆಟ್ಟಿಗೆಗೆ ಹಾಕಿ ಕಳಿಸಿ. ಚೆನ್ನಾಗಿ ಪ್ಯಾಕ್ ಮಾಡಿ, ಇಳಿದ ಮೇಲೆ ಕಸ್ಟಮ್ಸಿನವರಿಗೆ ತಿಂಡಿ ಸಾಮಾನು ಇದೆ ಅಂತ ತಿಳಿಸಬೇಕು. ಅದು ಶೀತ ತಡೆಯುವುದಿಲ್ಲ. ಆದರೆ ಒಣಗಿದ ಗಂಟಲಿಗೆ ಬಿಸಿ ಕಷಾಯ ಹಿತ. ಹೊರಗಿನಿಂದ ಬಂದು ಬೂಟು ಬಿಚ್ಚಿ, ಆ ಪರಿಮಳ ಬಂದರೆ ನಿಮ್ಮ ಮಗಳಿಗೆ ಎಷ್ಟು ಆಸರೆ ಅಂತ ನನಗೆ ಗೊತ್ತು. ನನ್ನ ಪೆಟ್ಟಿಗೆಯಲ್ಲೂ ಅಮ್ಮ ಅದನ್ನೇ ಇಟ್ಟಿದ್ದಳು.